ಸರ್ವಿಸ್ ಪ್ಯಾನೆಲ್‌ನಲ್ಲಿ ನ್ಯೂಟ್ರಲ್ ಮತ್ತು ಗ್ರೌಂಡ್: ಎಲ್ಲಿ ಸೇರಿಸಬೇಕು, ಎಲ್ಲಿ ಬೇರೆ ಇಡಬೇಕು

ಅಮೆರಿಕದಲ್ಲಿ ಮನೆ ಕೊಂಡವರಿಂದ, ಹಳೆ ಸರ್ವಿಸ್ ಪ್ಯಾನೆಲ್ (ಹೊರಗಿನ ಲೈನು ಮನೆಗೆ ಬಂದು ಸೇರುವ ಬ್ರೇಕರ್ ಡಬ್ಬಿ) ಬದಲಿಸಲು ಹೊರಟವರಿಂದ ನನಗೆ ಪದೇ ಪದೇ ಬರುವ ಪ್ರಶ್ನೆಗಳು ಎರಡು. ಒಂದು: "ಮನೆ ಪಕ್ಕದಲ್ಲಿ ತಾಮ್ರದ ರಾಡ್ ಹೊಡೆದಿದ್ದಾರೆ, ಇನ್ನು ಶಾಕ್ ಹೊಡೆಯಲ್ಲ ಅಲ್ವಾ?" ಇನ್ನೊಂದು: "ಪ್ಯಾನೆಲ್ ಒಳಗೆ ಬಿಳಿ ತಂತಿಗಳೂ (ನ್ಯೂಟ್ರಲ್, ಕರೆಂಟ್ ವಾಪಸ್ ಹೋಗುವ ದಾರಿ) ಬರಿಯ ತಾಮ್ರದ ತಂತಿಗಳೂ (ಗ್ರೌಂಡ್) ಒಂದೇ ಪಟ್ಟಿಗೆ ಸೇರಿವೆ, ಇದು ತಪ್ಪಲ್ವಾ?"

ಮೊದಲನೆಯದಕ್ಕೆ ಉತ್ತರ: ಬರೀ ರಾಡ್ ನಂಬಿದರೆ ಖಂಡಿತ ಹೊಡೆಯುತ್ತದೆ. ಎರಡನೆಯದಕ್ಕೆ: ಆ ಪ್ಯಾನೆಲ್ ಎಲ್ಲಿದೆ ಎನ್ನುವುದರ ಮೇಲೆ ಹೋಗುತ್ತದೆ. ಇವೆರಡನ್ನೂ ಬಿಡಿಸಿ ಹೇಳುವುದೇ ಈ ಲೇಖನದ ಕೆಲಸ.

ಇಲ್ಲಿ ಹೇಳಿರುವ ಅಳತೆಗಳೆಲ್ಲ ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್‌ನವು (ಎನ್‌ಇಸಿ). ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ. ಗ್ರೌಂಡಿಂಗ್, ಬಾಂಡಿಂಗ್ ಎರಡೂ ಅದರ 250ನೇ ಆರ್ಟಿಕಲ್‌ನಲ್ಲಿವೆ. ಆದರೆ ಒಂದೊಂದು ರಾಜ್ಯ ಒಂದೊಂದು ವರ್ಷದ ಆವೃತ್ತಿ ಹಿಡಿದಿರುತ್ತದೆ, ಊರುಗಳು ತಮ್ಮದೂ ಒಂದಿಷ್ಟು ಸೇರಿಸುತ್ತವೆ. ಆದ್ದರಿಂದ ಕೊನೆಯ ಮಾತು ನಿಮ್ಮ ಊರಿನ ಇನ್‌ಸ್ಪೆಕ್ಟರ್‌ದು.

ಮೊದಲು ಈ ಲೆಕ್ಕ ನೋಡಿ

ವಾಷಿಂಗ್ ಮಷೀನಿನ ಒಳಗೆ ಹಾಟ್ ತಂತಿ (ಫೇಸ್) ಸವೆದು ಕಬ್ಬಿಣದ ಮೈಗೆ ತಾಗಿದೆ ಅಂದುಕೊಳ್ಳಿ. ಮೈ ಈಗ 120 ವೋಲ್ಟ್‌ನಲ್ಲಿದೆ. ಆ ಮೈಯನ್ನು ನೆಲದ ರಾಡ್‌ಗೆ ಮಾತ್ರ ಕಟ್ಟಿದ್ದೀರಿ, ರಾಡ್‌ಗೂ ಮಣ್ಣಿಗೂ ನಡುವಿನ ತಡೆ 25 ಓಮ್ ಇದೆ. 120 ಭಾಗಿಸು 25, ಅಂದರೆ 4.8 ಆಂಪಿಯರ್. 20 ಆಂಪಿಯರ್ ಬ್ರೇಕರ್‌ಗೆ ಇದು ಲೆಕ್ಕಕ್ಕೇ ಇಲ್ಲ. ಅದು ಬೀಳುವುದಿಲ್ಲ. ಮಷೀನಿನ ಮೈ ಹಾಗೇ ಕಾದು ಕೂತಿರುತ್ತದೆ, ನೀವು ಬಂದು ಮುಟ್ಟುವ ತನಕ.

ಈಗ ಅದೇ ಮೈಯಿಂದ ಗ್ರೌಂಡ್ ತಂತಿ ಪ್ಯಾನೆಲ್‌ಗೆ ಬಂದಿದೆ, ಪ್ಯಾನೆಲ್‌ನಲ್ಲಿ ಅದು ನ್ಯೂಟ್ರಲ್‌ಗೆ ಸೇರಿದೆ, ನ್ಯೂಟ್ರಲ್ ನೇರ ಟ್ರಾನ್ಸ್‌ಫಾರ್ಮರ್‌ಗೆ ಹೋಗಿದೆ. ಹೋಗಿ ಬರುವ ದಾರಿಯ ಒಟ್ಟು ತಡೆ ಕಾಲು ಓಮ್ ಎನ್ನೋಣ. 120 ಭಾಗಿಸು 0.25, ಅಂದರೆ 480 ಆಂಪಿಯರ್. ಕಣ್ಣು ಮಿಟುಕಿಸುವುದರೊಳಗೆ ಬ್ರೇಕರ್ ಬಿದ್ದಿರುತ್ತದೆ.

ಕರೆಂಟಿಗೆ ಮಣ್ಣಿನ ಮೇಲೆ ಯಾವ ಪ್ರೀತಿಯೂ ಇಲ್ಲ. ಅದು ಹೊರಟದ್ದು ಟ್ರಾನ್ಸ್‌ಫಾರ್ಮರ್‌ನಿಂದ, ವಾಪಸ್ ಹೋಗಬೇಕಾದ್ದೂ ಅಲ್ಲಿಗೇ. ಆ ವಾಪಸು ದಾರಿಯನ್ನು ದಪ್ಪವಾಗಿ, ಗಟ್ಟಿಯಾಗಿ ಮಾಡಿಕೊಡುವುದಕ್ಕೆ ಬಾಂಡಿಂಗ್ ಎನ್ನುತ್ತಾರೆ: ಕರೆಂಟ್ ತಾಗಬಹುದಾದ ಲೋಹವನ್ನೆಲ್ಲ ಒಂದಕ್ಕೊಂದು, ಕೊನೆಗೆ ನ್ಯೂಟ್ರಲ್‌ಗೆ ಕಟ್ಟುವುದು. ಗ್ರೌಂಡಿಂಗ್ ಎಂದರೆ ಇಡೀ ವ್ಯವಸ್ಥೆಯನ್ನು ನೆಲಕ್ಕೆ ಕಟ್ಟುವುದು, ನಾವು ಅರ್ತಿಂಗ್ ಎನ್ನುವುದು ಇದನ್ನೇ. ಸಿಡಿಲು ಬಡಿದಾಗ, ಹೊರಗಿನ ದೊಡ್ಡ ಲೈನು ಮನೆಯ ಲೈನಿಗೆ ತಾಗಿದಾಗ ವೋಲ್ಟೇಜ್ ಕೈಮೀರದಂತೆ ಹಿಡಿಯುವುದು ಇದರ ಕೆಲಸ. ಬ್ರೇಕರ್ ಬೀಳಿಸುವುದು ಅದರ ಕೆಲಸ ಅಲ್ಲವೇ ಅಲ್ಲ. ನಾನು ನೋಡಿದ ತಪ್ಪುಗಳಲ್ಲಿ ಮುಕ್ಕಾಲು ಪಾಲು ಈ ಎರಡನ್ನು ಒಂದೇ ಎಂದು ತಿಳಿದದ್ದರಿಂದ ಆದವು.

1. ಕೈ ಹಾಕುವ ಮುಂಚೆ

ಮೇನ್ ಬ್ರೇಕರ್ ಇಳಿಸಿದರೆ ಪ್ಯಾನೆಲ್ ಸತ್ತಿತು ಎಂದುಕೊಳ್ಳಬೇಡಿ. ಮೀಟರ್‌ನಿಂದ ಮೇನ್ ಬ್ರೇಕರ್‌ವರೆಗಿನ ದಪ್ಪ ತಂತಿಗಳು, ಅವು ಕೂರುವ ಲಗ್‌ಗಳು (ತಂತಿ ಬಿಗಿಯುವ ದೊಡ್ಡ ಹಿಡಿಗಳು) ಆಗಲೂ ಜೀವಂತ. ಅವಕ್ಕೆ ನಿಮ್ಮ ಮನೆಯ ಯಾವ ಬ್ರೇಕರ್‌ನ ಕಾವಲೂ ಇಲ್ಲ. ಸ್ಕ್ರೂಡ್ರೈವರ್ ಜಾರಿ ಅಲ್ಲಿ ತಾಗಿದರೆ ಶಾಕ್‌ಗಿಂತ ಮೊದಲು ಸ್ಫೋಟದಂಥ ಕಿಡಿ ಮುಖಕ್ಕೆ ಬರುತ್ತದೆ. ಅದನ್ನು ನಿಲ್ಲಿಸಲು ಆಗುವುದು ವಿದ್ಯುತ್ ಕಂಪನಿಯವರಿಗೆ ಮಾತ್ರ.

ನನ್ನ ಸಲಹೆ ನೇರವಾಗಿದೆ. ಸರ್ವಿಸ್ ಪ್ಯಾನೆಲ್ ಒಳಗಿನ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೇ ಬಿಡಿ. ನೀವು ಈ ಲೇಖನವನ್ನು ಅವರ ಕೆಲಸ ಅರ್ಥ ಮಾಡಿಕೊಳ್ಳಲು, ಸರಿಯಾದ ಪ್ರಶ್ನೆ ಕೇಳಲು ಬಳಸಿ. ನಿಮ್ಮ ಊರಿನಲ್ಲಿ ಮನೆ ಯಜಮಾನನೇ ಮಾಡಬಹುದು ಎಂದಿದ್ದರೂ ಪರ್ಮಿಟ್ ತೆಗೆದುಕೊಂಡು, ಕಂಪನಿಯಿಂದ ಸಪ್ಲೈ ತೆಗೆಸಿಕೊಂಡೇ ಶುರು ಮಾಡಿ.

2. ಸರ್ವಿಸ್ ಡಿಸ್ಕನೆಕ್ಟ್ ಯಾವುದೆಂದು ಗುರುತಿಸಿ

ಮೀಟರ್ ದಾಟಿದ ಮೇಲೆ ಇಡೀ ಮನೆಯ ಕರೆಂಟ್ ನಿಲ್ಲಿಸುವ ಮೊದಲ ಸ್ವಿಚ್ಚೇ ಸಾಮಾನ್ಯವಾಗಿ ಸರ್ವಿಸ್ ಡಿಸ್ಕನೆಕ್ಟ್. ನ್ಯೂಟ್ರಲ್ ಮತ್ತು ಗ್ರೌಂಡ್ ಸೇರಬೇಕಾದ್ದು ಇದೇ ಡಬ್ಬಿಯಲ್ಲಿ. ಇದರ ಮುಂದಿನ ಎಲ್ಲ ಪ್ಯಾನೆಲ್‌ಗಳೂ, ಎಷ್ಟೇ ದೊಡ್ಡವಿರಲಿ, ಸಬ್‌ಪ್ಯಾನೆಲ್‌ಗಳೇ.

ಹಳೆ ಮನೆಗಳಲ್ಲಿ ಇದು ಸುಲಭ. ಗ್ಯಾರೇಜಿನಲ್ಲೋ ಬೇಸ್‌ಮೆಂಟಿನಲ್ಲೋ ಇರುವ ಪ್ಯಾನೆಲ್‌ನ ಮೇನ್ ಬ್ರೇಕರ್ರೇ ಸರ್ವಿಸ್ ಡಿಸ್ಕನೆಕ್ಟ್. ಆದರೆ 2020ರ ಕೋಡ್‌ನಿಂದ ಒಂದು ಹೊಸ ನಿಯಮ ಬಂತು. ಒಂದು ಅಥವಾ ಎರಡು ಕುಟುಂಬದ ಮನೆಗಳಿಗೆ ಹೊರಗಡೆಯೇ ಒಂದು ತುರ್ತು ಸ್ವಿಚ್ ಇರಬೇಕು. ಬೆಂಕಿ ಬಿದ್ದಾಗ ಅಗ್ನಿಶಾಮಕದವರು ಒಳಗೆ ಹೋಗದೆ ಕರೆಂಟ್ ತೆಗೆಯಲಿ ಎಂದು. ಒಳ್ಳೆಯದೇ. ಗೋಜಲು ಶುರುವಾಗುವುದು ಇಲ್ಲೇ.

ಹೊರಗಿನ ಆ ಸ್ವಿಚ್ಚಿನ ಮೇಲಿನ ಲೇಬಲ್ ಓದಿ. ‘ಎಮರ್ಜೆನ್ಸಿ ಡಿಸ್ಕನೆಕ್ಟ್, ಸರ್ವಿಸ್ ಡಿಸ್ಕನೆಕ್ಟ್’ ಎಂದಿದ್ದರೆ ನ್ಯೂಟ್ರಲ್ ಮತ್ತು ಗ್ರೌಂಡ್‌ನ ಜೋಡಣೆ ಹೊರಗೆ ಹೋಯಿತು. ಒಳಗಿನ ಹಳೆ ಪ್ಯಾನೆಲ್ ಈಗ ಸಬ್‌ಪ್ಯಾನೆಲ್. ಅಲ್ಲಿ ಬಿಳಿ ತಂತಿಗಳನ್ನೂ ಗ್ರೌಂಡ್ ತಂತಿಗಳನ್ನೂ ಬಿಡಿಸಿ ಬೇರೆ ಬೇರೆ ಪಟ್ಟಿಗೆ ಹಾಕಬೇಕು, ನಡುವೆ ಮೂರರ ಬದಲು ನಾಲ್ಕು ದಾರಿ ಬೇಕು: ಎರಡು ಹಾಟ್, ಒಂದು ನ್ಯೂಟ್ರಲ್, ಒಂದು ಗ್ರೌಂಡ್. ‘ನಾಟ್ ಸರ್ವಿಸ್ ಇಕ್ವಿಪ್‌ಮೆಂಟ್’ ಎಂದಿದ್ದರೆ ಜೋಡಣೆ ಒಳಗೇ ಉಳಿಯುತ್ತದೆ. ಪ್ಯಾನೆಲ್ ಅಪ್‌ಗ್ರೇಡ್‌ಗೆ ಕೊಟೇಶನ್ ತೆಗೆದುಕೊಳ್ಳುವಾಗ "ಹೊರಗೆ ಯಾವ ಬಗೆಯದು ಹಾಕ್ತೀರಿ?" ಎಂದು ಕೇಳಿಬಿಡಿ. ಖರ್ಚು ಇದರ ಮೇಲೆ ಸಾಕಷ್ಟು ಏರುಪೇರಾಗುತ್ತದೆ.

3. ಮೇನ್ ಬಾಂಡಿಂಗ್ ಜಂಪರ್: ಒಂದು ಸ್ಕ್ರೂ

ಸರ್ವಿಸ್ ಡಿಸ್ಕನೆಕ್ಟ್ ಡಬ್ಬಿಯಲ್ಲಿ ನ್ಯೂಟ್ರಲ್ ಪಟ್ಟಿಯನ್ನು ಲೋಹದ ಮೈಗೂ ಗ್ರೌಂಡ್ ತಂತಿಗಳಿಗೂ ಕಟ್ಟುವ ತುಂಡಿಗೆ ಮೇನ್ ಬಾಂಡಿಂಗ್ ಜಂಪರ್ ಎನ್ನುತ್ತಾರೆ. ಹೆಸರು ಭಾರಿ, ವಸ್ತು ಪುಟ್ಟದು. ಎಷ್ಟೋ ಪ್ಯಾನೆಲ್‌ಗಳಲ್ಲಿ ಅದು ಬರೀ ಒಂದು ಹಸಿರು ಸ್ಕ್ರೂ, ಕೆಲವದರಲ್ಲಿ ಒಂದು ಲೋಹದ ಪಟ್ಟಿ. ಸ್ಕ್ರೂ ಆದರೆ ಅದರ ತಲೆ ಹಸಿರಾಗಿರಬೇಕು, ಹಾಕಿದ ಮೇಲೂ ಹಸಿರು ಕಾಣಬೇಕು. ಇನ್‌ಸ್ಪೆಕ್ಟರ್ ಒಂದೇ ನೋಟಕ್ಕೆ ಗುರುತಿಸಲಿ ಎಂದೇ ಈ ನಿಯಮ.

ಮೇಲೆ ಹೇಳಿದ 480 ಆಂಪಿಯರ್ ಹರಿಯುವುದು ಈ ಸ್ಕ್ರೂ ಮೂಲಕ. ಇದು ಇಲ್ಲದಿದ್ದರೆ ಮನೆಯಲ್ಲಿರುವ ಅಷ್ಟೂ ಗ್ರೌಂಡ್ ತಂತಿಗಳು ದಂಡ. ಎಲ್ಲವೂ ರಾಡ್‌ಗೆ ಹೋಗಿ ನಿಂತುಬಿಡುತ್ತವೆ, 4.8 ಆಂಪಿಯರ್‌ನ ಕಥೆ ಮತ್ತೆ ಶುರು. ವಿಪರ್ಯಾಸ ಏನೆಂದರೆ ಇದು ಇಲ್ಲದೆಯೂ ಲೈಟ್ ಉರಿಯುತ್ತದೆ, ಫ್ರಿಜ್ ಓಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಸ್ಕ್ರೂ ಪ್ಯಾನೆಲ್ ಜತೆ ಒಂದು ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ. ಆ ಚೀಲ ಬಿಚ್ಚದೆ ಡಬ್ಬಿಯ ತಳದಲ್ಲೇ ಬಿದ್ದಿರುವುದನ್ನು ಕಂಡಿದ್ದೇನೆ.

ಇಲ್ಲಿ ಆಗುವ ಇನ್ನೆರಡು ತಪ್ಪುಗಳು. ಹಸಿರು ಸ್ಕ್ರೂ ಸಿಗಲಿಲ್ಲವೆಂದು ತಗಡಿಗೆ ಹಾಕುವ ಚೂಪು ಸ್ಕ್ರೂ ತಿರುಗಿಸುವುದು: ಅದಕ್ಕೆ ಹಿಡಿತವಿಲ್ಲ, ಕೋಡ್ ಒಪ್ಪುವುದಿಲ್ಲ. ಆ ಪ್ಯಾನೆಲ್‌ನ ತಯಾರಕರು ಹೇಳಿದ ಸ್ಕ್ರೂನೇ ಬೇಕು. ಇನ್ನೊಂದು, ಒಂದೇ ಸ್ಕ್ರೂ ಕೆಳಗೆ ಎರಡು ನ್ಯೂಟ್ರಲ್ ತಂತಿ ಬಿಗಿಯುವುದು. ಬ್ರಾಂಚ್ ನ್ಯೂಟ್ರಲ್ (ಮನೆಯೊಳಗಿನ ಒಂದೊಂದು ಸರ್ಕ್ಯೂಟ್‌ನಿಂದ ಬರುವ ಬಿಳಿ ತಂತಿ) ಒಂದಕ್ಕೆ ಒಂದು ರಂಧ್ರ, ಒಂದು ರಂಧ್ರಕ್ಕೆ ಒಂದೇ ತಂತಿ. ಗ್ರೌಂಡ್ ತಂತಿಗಳನ್ನು ಮಾತ್ರ, ಪ್ಯಾನೆಲ್‌ನ ಲೇಬಲ್ ಒಪ್ಪಿದರೆ, ಜೋಡಿಯಾಗಿ ಹಾಕಬಹುದು.

ಮೀಟರ್ ಕಡೆಯಿಂದ ಲೋಹದ ಕೊಳವೆ ಬಂದಿದ್ದರೆ ಅದಕ್ಕೂ ವಿಶೇಷ ಗಮನ ಬೇಕು. ಡಬ್ಬಿಯ ರಂಧ್ರದ ಸುತ್ತ ಒಂದರೊಳಗೊಂದು ಒಡೆಯುವ ಉಂಗುರಗಳಿರುತ್ತವಲ್ಲ, ಅವು ಉಳಿದಿದ್ದರೆ ಬರೀ ಲಾಕ್‌ನಟ್ ಸಾಲದು. ಬಾಂಡಿಂಗ್ ಬುಶಿಂಗ್ (ತಂತಿ ಬಿಗಿಯಲು ಹಿಡಿಯಿರುವ, ಕೊಳವೆಯ ತುದಿಗೆ ಕೂರುವ ಲೋಹದ ಬಳೆ) ಹಾಕಿ ತಂತಿಯಿಂದ ಕಟ್ಟಬೇಕು.

4. ನೆಲಕ್ಕೆ ಕಟ್ಟುವ ಎಲೆಕ್ಟ್ರೋಡ್‌ಗಳು

ಎಲೆಕ್ಟ್ರೋಡ್ ಎಂದರೆ ಮಣ್ಣನ್ನು ಮುಟ್ಟಿಕೊಂಡಿರುವ ಲೋಹ. ರಾಡ್ ಅದರಲ್ಲಿ ಒಂದು ಬಗೆ ಮಾತ್ರ, ಅದೂ ಅಷ್ಟೇನೂ ಒಳ್ಳೆಯ ಬಗೆಯಲ್ಲ. ಮನೆಯಲ್ಲಿ ಯಾವ್ಯಾವುದು ಇದೆಯೋ ಅಷ್ಟನ್ನೂ ಒಟ್ಟಿಗೆ ಕಟ್ಟಬೇಕು ಎನ್ನುವುದು ನಿಯಮ.

ಎಲ್ಲಕ್ಕಿಂತ ಗಟ್ಟಿ ಅಡಿಪಾಯದ ಕಾಂಕ್ರೀಟಿನೊಳಗಿನ ಕಬ್ಬಿಣ. ಮಣ್ಣಿಗೆ ತಾಗಿರುವ ಫೂಟಿಂಗ್ (ಅಡಿಪಾಯದ ತಳದ ಕಾಂಕ್ರೀಟ್) ಒಳಗೆ ಅರ್ಧ ಇಂಚಿನ ಸರಳು ಕನಿಷ್ಠ 20 ಅಡಿ ಇರಬೇಕು, ಇಲ್ಲವೇ 4 ನಂಬರ್ (ತಂತಿಯ ದಪ್ಪದ ಅಳತೆ, ಅಂದರೆ ಗೇಜ್) ಬರಿಯ ತಾಮ್ರದ ತಂತಿ 20 ಅಡಿ. ಇದಕ್ಕೆ ‘ಯೂಫರ್’ ಎಂಬ ಹೆಸರೂ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅರಿಜೋನಾದಲ್ಲಿ ಬಾಂಬ್ ಇಡುವ ಕೋಠಿಗಳಿಗೆ ಸಿಡಿಲಿನ ರಕ್ಷಣೆ ಬೇಕಿತ್ತು. ಒಣ ಮರಳಿನ ನೆಲದಲ್ಲಿ ರಾಡ್ ಕೆಲಸ ಮಾಡುತ್ತಿರಲಿಲ್ಲ. ಹರ್ಬರ್ಟ್ ಯೂಫರ್ ಎಂಬ ಎಂಜಿನಿಯರ್ ಕಾಂಕ್ರೀಟಿನೊಳಗಿನ ಕಬ್ಬಿಣವನ್ನೇ ಬಳಸಿದರು. ಕಾಂಕ್ರೀಟ್ ಮಣ್ಣಿನಿಂದ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಅದರ ಮುಟ್ಟುವ ಮೈಯೂ ವಿಶಾಲ, ಹಾಗಾಗಿ ತಡೆ ಕಡಿಮೆ. ಹೊಸ ಮನೆ ಕಟ್ಟಿಸುತ್ತಿದ್ದರೆ ಕಾಂಕ್ರೀಟ್ ಸುರಿಯುವ ಮುಂಚೆಯೇ ಇದರ ತುದಿ ಹೊರಗೆ ಬಿಟ್ಟಿದ್ದಾರಾ ನೋಡಿ. ಸುರಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಹಳೆ ಮನೆಯಲ್ಲಿ ಕಾಂಕ್ರೀಟ್ ಒಡೆದು ಹುಡುಕಿ ಎಂದು ಕೋಡ್ ಹೇಳುವುದಿಲ್ಲ.

ಲೋಹದ ನೀರಿನ ಪೈಪು ಮಣ್ಣಿನೊಳಗೆ 10 ಅಡಿ ಅಥವಾ ಜಾಸ್ತಿ ಓಡಿದ್ದರೆ ಅದೂ ಎಲೆಕ್ಟ್ರೋಡ್. ತಂತಿಯನ್ನು ಪೈಪು ಮನೆಯೊಳಗೆ ಬಂದ 5 ಅಡಿಯೊಳಗೆ ಕಟ್ಟಬೇಕು. ಆದರೆ ಇದೊಂದನ್ನೇ ನಂಬುವಂತಿಲ್ಲ, ಜತೆಗೆ ಇನ್ನೊಂದು ಇರಲೇಬೇಕು. ಕಾರಣ ಸರಳ. ನಾಳೆ ಪ್ಲಂಬರ್ ಬಂದು ಹೊರಗಿನ ಪೈಪನ್ನು ಪ್ಲಾಸ್ಟಿಕ್‌ಗೆ ಬದಲಿಸಿದರೆ ನಿಮ್ಮ ಎಲೆಕ್ಟ್ರೋಡ್ ಸದ್ದಿಲ್ಲದೆ ಮಾಯ. ನೀರಿನ ಮೀಟರ್, ಫಿಲ್ಟರ್ ನಡುವೆ ಬಂದರೆ ಅವುಗಳನ್ನು ದಾಟಿಸಿ ಒಂದು ತಂತಿ ಕಟ್ಟಿ.

ಉಳಿದದ್ದು ರಾಡ್. ಕನಿಷ್ಠ 8 ಅಡಿ ಉದ್ದ, ಸಾಮಾನ್ಯವಾಗಿ 5/8 ಇಂಚು ದಪ್ಪ, 8 ಅಡಿಯೂ ಮಣ್ಣಿನೊಳಗೇ ಇರಬೇಕು. ಒಂದು ರಾಡ್‌ನ ತಡೆ 25 ಓಮ್ ಅಥವಾ ಕಡಿಮೆ ಎಂದು ಅಳೆದು ತೋರಿಸದಿದ್ದರೆ ಎರಡನೆಯದು ಕಡ್ಡಾಯ. ಅಳೆಯಲು ಬೇರೆಯೇ ಮೀಟರ್ ಬೇಕು, ಮಾಮೂಲಿ ಮಲ್ಟಿಮೀಟರ್‌ನಿಂದ ಆಗದು. ಅದಕ್ಕೇ ಎಲ್ಲರೂ ಸುಮ್ನೆ ಎರಡು ಹೊಡೆದುಬಿಡುತ್ತಾರೆ. ಎರಡರ ನಡುವೆ ಕನಿಷ್ಠ 6 ಅಡಿ ಅಂತರ ಬೇಕು. ಜಾಗವಿದ್ದರೆ 16 ಅಡಿ ಬಿಡಿ, ಅಂದರೆ ರಾಡ್‌ನ ಉದ್ದದ ಎರಡರಷ್ಟು. ಆಗ ಎರಡೂ ಪೂರ್ತಿ ಕೆಲಸ ಮಾಡುತ್ತವೆ.

ಬಂಡೆ ಅಡ್ಡ ಬಂದರೆ? ನೇರಕ್ಕಿಂತ 45 ಡಿಗ್ರಿವರೆಗೆ ಓರೆಯಾಗಿ ಹೊಡೆಯಬಹುದು. ಅದೂ ಆಗದಿದ್ದರೆ 30 ಇಂಚು ಆಳದ ಕಾಲುವೆ ತೋಡಿ ಮಲಗಿಸಬಹುದು. ಮೇಲೆ ಉಳಿದ ಮೂರಡಿಯನ್ನು ಗರಗಸದಿಂದ ಕೊಯ್ದು ‘ಮುಗೀತು’ ಎನ್ನುವವರಿದ್ದಾರೆ, ಅದು ಮೋಸ. ಹೊಡೆಯುವ ಕೆಲವು ದಿನ ಮುಂಚೆ 811ಕ್ಕೆ ಕರೆ ಮಾಡಿ, ನೆಲದಡಿಯ ಗ್ಯಾಸ್, ಕೇಬಲ್ ಲೈನುಗಳನ್ನು ಗುರುತು ಹಾಕಿಸಿ.

ಮಣ್ಣಿನೊಳಗಿನ ಗ್ಯಾಸ್ ಪೈಪನ್ನು ಎಲೆಕ್ಟ್ರೋಡ್ ಆಗಿ ಬಳಸುವಂತಿಲ್ಲ. ಅಲ್ಯೂಮಿನಿಯಂ ಕೂಡ ಆಗದು.

5. ಎಲೆಕ್ಟ್ರೋಡ್‌ಗೆ ಹೋಗುವ ತಂತಿ

ಅಮೆರಿಕದ ಗೇಜ್ ಲೆಕ್ಕದಲ್ಲಿ ನಂಬರ್ ಚಿಕ್ಕದಾದಷ್ಟೂ ತಂತಿ ದಪ್ಪ. 200 ಆಂಪಿಯರ್ ಸರ್ವಿಸ್‌ಗೆ ಸಾಮಾನ್ಯವಾಗಿ 2/0 ತಾಮ್ರ ಅಥವಾ 4/0 ಅಲ್ಯೂಮಿನಿಯಂ ತಂತಿ (ಎರಡೂ 1 ನಂಬರ್‌ಗಿಂತ ದಪ್ಪ) ಬಂದಿರುತ್ತದೆ. ಅಂಥಲ್ಲಿ ನೀರಿನ ಪೈಪಿಗೆ 4 ನಂಬರ್ ತಾಮ್ರ ಬೇಕು. ರಾಡ್‌ಗೆ ಮಾತ್ರ ಹೋಗುವ ತಂತಿ 6 ನಂಬರ್ ಇದ್ದರೆ ಸಾಕು, ಸರ್ವಿಸ್ ಎಷ್ಟೇ ದೊಡ್ಡದಿರಲಿ. ಮಣ್ಣಿನ ತಡೆಯೇ ಅಷ್ಟಿರುವಾಗ ತಂತಿ ದಪ್ಪ ಮಾಡಿ ಏನೂ ಸಿಗದು. ಯೂಫರ್‌ಗೆ 4 ನಂಬರ್ ಸಾಕು.

ಇಲ್ಲೊಂದು ಬಲೆ ಇದೆ. 6 ನಂಬರ್ ತಂತಿಯನ್ನು ರಾಡ್‌ಗೆ ಒಯ್ದು, ಅಲ್ಲಿಂದ ಅದನ್ನೇ ಮುಂದೆ ನೀರಿನ ಪೈಪಿಗೂ ಎಳೆದರೆ ಫೇಲ್. ಪೈಪಿಗೆ 4 ನಂಬರ್ ಬೇಕಿದ್ದರೆ ಪ್ಯಾನೆಲ್‌ನಿಂದ ಪೈಪಿನವರೆಗಿನ ಇಡೀ ದಾರಿ 4 ನಂಬರ್ ಇರಬೇಕು.

ಪ್ಯಾನೆಲ್‌ನಿಂದ ಹೊರಟ ಮುಖ್ಯ ತಂತಿಗೆ ನಡುವೆ ಮಾಮೂಲಿ ಜಾಯಿಂಟ್ ಕೂಡದು. ಹಾಕಲೇಬೇಕಾದರೆ ಬಿಚ್ಚಲಾಗದಂತೆ ಒತ್ತಿ ಕೂರಿಸುವ ಕನೆಕ್ಟರ್ ಅಥವಾ ಕರಗಿಸಿ ಬೆಸೆಯುವ ವೆಲ್ಡ್. ರಕ್ಷಣೆಗೆಂದು ಕಬ್ಬಿಣದ ಕೊಳವೆಯಲ್ಲಿ ಹಾಕಿದರೆ ಕೊಳವೆಯ ಎರಡೂ ತುದಿಗಳನ್ನು ತಂತಿಗೆ ಕಟ್ಟಿ. ಇಲ್ಲದಿದ್ದರೆ ಸಿಡಿಲಿನ ಕರೆಂಟ್ ಬಂದಾಗ ಆ ಕೊಳವೆ ಕಾಂತದಂತೆ ವರ್ತಿಸಿ ದಾರಿಯನ್ನೇ ಬಿಗಿಹಿಡಿಯುತ್ತದೆ. ಪಿವಿಸಿ ಕೊಳವೆಗೆ ಈ ತಲೆನೋವಿಲ್ಲ, ನನ್ನ ಆಯ್ಕೆ ಯಾವಾಗಲೂ ಅದೇ.

ಕ್ಲ್ಯಾಂಪ್ ಕೊಳ್ಳುವಾಗ ‘ಡೈರೆಕ್ಟ್ ಬರಿಯಲ್’ ಗುರುತು ನೋಡಿ, ಮಣ್ಣಿನೊಳಗೆ ಇರಬಹುದಾದದ್ದು ಅದೊಂದೇ. ಒಂದು ಕ್ಲ್ಯಾಂಪಿಗೆ ಒಂದು ತಂತಿ. ಪೈಪಿನ ಮೇಲೆ ಬಣ್ಣವಿದ್ದರೆ ಹೊಳಪು ಬರುವ ತನಕ ಕೆರೆಯಿರಿ.

6. ಗ್ಯಾಸ್, ಕೇಬಲ್, ಫೋನ್

ಮನೆಯೊಳಗಿನ ನೀರಿನ ಪೈಪುಗಳು ಲೋಹದವಾದರೆ ಅವನ್ನೂ ಬಾಂಡ್ ಮಾಡಬೇಕು. ಪ್ಲಾಸ್ಟಿಕ್ ಆದರೆ ಕಟ್ಟಲು ಏನೂ ಇಲ್ಲ. ಗ್ಯಾಸ್ ಪೈಪಿಗೂ ಬಾಂಡಿಂಗ್ ಬೇಕು. ಗ್ಯಾಸ್ ಪೈಪು ಎಲೆಕ್ಟ್ರೋಡ್ ಆಗಬಾರದು ಎಂದೆನಲ್ಲ, ಮತ್ತೆ ಇದೇನು ಎನ್ನಬೇಡಿ. ಅದರ ಮೂಲಕ ನೆಲಕ್ಕೆ ಕರೆಂಟ್ ಕಳಿಸುವುದು ಬೇರೆ, ಅದರ ಮೈ ಉಳಿದ ಲೋಹದ ವೋಲ್ಟೇಜಿನಲ್ಲೇ ಇರುವಂತೆ ನೋಡಿಕೊಳ್ಳುವುದು ಬೇರೆ. ಹಳದಿ ಕವಚದ, ಬಳುಕುವ ಸ್ಟೀಲ್ ಗ್ಯಾಸ್ ಪೈಪು ಇದ್ದರೆ ಸಾಮಾನ್ಯವಾಗಿ 6 ನಂಬರ್ ತಾಮ್ರದಿಂದ ಕಟ್ಟಬೇಕು. ಹತ್ತಿರ ಸಿಡಿಲು ಬಡಿದರೆ ಅದರ ತೆಳು ಗೋಡೆಯಲ್ಲಿ ಕಿಡಿ ಹಾರಿ ತೂತು ಬೀಳಬಹುದು. ಕ್ಲ್ಯಾಂಪನ್ನು ಗಟ್ಟಿ ಪೈಪಿಗೆ ಅಥವಾ ಹಿತ್ತಾಳೆ ಫಿಟ್ಟಿಂಗ್‌ಗೆ ಹಾಕಿ, ಬಳುಕುವ ಭಾಗಕ್ಕೆ ಎಂದೂ ಬೇಡ.

ಕೇಬಲ್ ಟಿವಿ, ಇಂಟರ್‌ನೆಟ್, ಫೋನ್‌ನವರು ತಮ್ಮ ಗ್ರೌಂಡ್ ಕಟ್ಟಲು ಮೀಟರ್ ಹತ್ತಿರ ಒಂದು ಬಾಂಡಿಂಗ್ ಪಟ್ಟಿ ಇರಬೇಕು, ಕನಿಷ್ಠ ಮೂರು ತಂತಿಗೆ ಜಾಗವಿರುವಂಥದ್ದು. ಕೆಲವರು ಆಂಟೆನಾಗೋ ಕಂಪ್ಯೂಟರ್‌ಗೋ ‘ಶುದ್ಧ ಅರ್ತ್’ ಬೇಕೆಂದು ಬೇರೆ ರಾಡ್ ಹೊಡೆದು ಯಾವುದಕ್ಕೂ ಸೇರಿಸದೆ ಬಿಡುತ್ತಾರೆ. ಸಿಡಿಲಿನ ಹೊತ್ತಿನಲ್ಲಿ ಆ ರಾಡ್‌ಗೂ ಮನೆಯ ಗ್ರೌಂಡಿಗೂ ನಡುವೆ ಸಾವಿರಾರು ವೋಲ್ಟ್ ಅಂತರ ಏಳಬಹುದು. ಅದು ಹಾಯ್ದುಹೋಗುವುದು ನಿಮ್ಮ ಟಿವಿ, ಮೋಡೆಮ್ ಮೂಲಕ. ಬೇರೆ ರಾಡ್ ಹೊಡೆಯಿರಿ, ತಪ್ಪಿಲ್ಲ. ಆದರೆ ಮುಖ್ಯ ಎಲೆಕ್ಟ್ರೋಡ್‌ಗೆ ಸೇರಿಸಿ.

7. ಸಬ್‌ಪ್ಯಾನೆಲ್: ಇಲ್ಲಿ ಬೇರೆ ಇಡಿ

ಸಬ್‌ಪ್ಯಾನೆಲ್‌ನಲ್ಲಿ ಹಸಿರು ಸ್ಕ್ರೂ ಇರಬಾರದು. ನ್ಯೂಟ್ರಲ್ ಪಟ್ಟಿ ಪ್ಲಾಸ್ಟಿಕ್ ಕಾಲಿನ ಮೇಲೆ ಮೈ ಮುಟ್ಟದಂತೆ ನಿಲ್ಲಬೇಕು, ಗ್ರೌಂಡ್ ಪಟ್ಟಿ ಮೈಗೆ ಬಿಗಿದಿರಬೇಕು. "ಮೇನ್‌ನಲ್ಲಿ ಸೇರಿಸಿದ್ದೇವೆ, ಇಲ್ಲೂ ಸೇರಿಸಿದರೆ ಇನ್ನೂ ಭದ್ರ ಅಲ್ವಾ?" ಎನ್ನುತ್ತಾರೆ. ಎರಡು ಕಡೆ ಸೇರಿಸಿದರೆ ನ್ಯೂಟ್ರಲ್‌ನಲ್ಲಿ ದಿನನಿತ್ಯ ಹರಿಯುವ ಕರೆಂಟ್ ಎರಡು ಪಾಲಾಗುತ್ತದೆ. ಒಂದು ಪಾಲು ಗ್ರೌಂಡ್ ತಂತಿ, ಕೊಳವೆ, ಪ್ಯಾನೆಲ್ ಮೈ ಹಿಡಿದು ಹೊರಡುತ್ತದೆ. ಏನೂ ಕೆಟ್ಟಿಲ್ಲದಾಗಲೂ ಲೋಹದ ಮೈಯಲ್ಲಿ ಕರೆಂಟ್! ಮೇಲಾಗಿ ನ್ಯೂಟ್ರಲ್ ಎಲ್ಲಾದರೂ ಸಡಿಲವಾದರೆ ಪೂರ್ತಿ ಹೊರೆ ಗ್ರೌಂಡ್ ಮೇಲೆ ಬೀಳುತ್ತದೆ.

ಬೇರೆ ಕಟ್ಟಡದ ಗ್ಯಾರೇಜ್, ಶೆಡ್‌ಗೂ ಇದೇ ನಿಯಮ: ನಾಲ್ಕು ದಾರಿ, ನ್ಯೂಟ್ರಲ್ ಬೇರೆ. ಅಲ್ಲಿ ಪ್ಯಾನೆಲ್ ಇಟ್ಟರೆ ಅದಕ್ಕೆ ತನ್ನದೇ ರಾಡ್‌ಗಳೂ ಬೇಕು, ಅವು ಗ್ರೌಂಡ್ ಪಟ್ಟಿಗೆ ಬರಬೇಕು. ಹಳೆಯ ಮನೆಗಳಲ್ಲಿ ಡ್ರೈಯರ್, ಎಲೆಕ್ಟ್ರಿಕ್ ಒಲೆಗೆ ಮೂರು ಕಡ್ಡಿಯ ಪ್ಲಗ್ ಕಾಣುತ್ತದೆ, ಅಲ್ಲಿ ನ್ಯೂಟ್ರಲ್ಲೇ ಮೈಗೆ ಕಟ್ಟಿರುತ್ತದೆ. 1996ರ ಕೋಡ್‌ನಿಂದ ಹೊಸ ಲೈನುಗಳಿಗೆ ಅದು ನಿಂತಿದೆ. ನಾಲ್ಕು ಕಡ್ಡಿಯ ಪ್ಲಗ್‌ಗೆ ಬದಲಿಸಿದಾಗ ಡ್ರೈಯರ್ ಹಿಂದಿನ ಜೋಡಣೆಯ ತುಂಡನ್ನು ಬಿಚ್ಚಲು ಮರೆಯಬೇಡಿ.

8. ನೀವೇ ನೋಡಬಹುದಾದದ್ದು

ಪ್ಯಾನೆಲ್ ಬಿಚ್ಚದೆಯೂ ಒಂದು ಸುಳಿವು ಸಿಗುತ್ತದೆ. ಒಂದು ಸರ್ಕ್ಯೂಟ್‌ನಲ್ಲಿ ಹೀಟರ್‌ನಂಥ ದೊಡ್ಡ ಲೋಡ್ ಹಾಕಿ, ಅದೇ ಸರ್ಕ್ಯೂಟ್‌ನ ಇನ್ನೊಂದು ಔಟ್‌ಲೆಟ್‌ನಲ್ಲಿ ನ್ಯೂಟ್ರಲ್ ಮತ್ತು ಗ್ರೌಂಡ್ ನಡುವೆ ವೋಲ್ಟ್ ಅಳೆಯಿರಿ. ಒಂದೆರಡು ವೋಲ್ಟ್ ಬಂದರೆ ಸಹಜ. ದೊಡ್ಡ ಲೋಡ್ ಇದ್ದೂ ಸೊನ್ನೆಯೇ ಬಂದರೆ ಹತ್ತಿರದಲ್ಲೆಲ್ಲೋ ಎರಡೂ ಸೇರಿಕೊಂಡಿರುವ ಅನುಮಾನವಿದೆ. ಹತ್ತಾರು ವೋಲ್ಟ್ ಬಂದರೆ ಯಾವುದೋ ಒಂದು ಕಡಿದಿದೆ ಅಥವಾ ಸಡಿಲವಾಗಿದೆ.

ಕೆಲವು ಲೈಟ್ ಮಂಕಾಗಿ, ಇನ್ನು ಕೆಲವು ವಿಪರೀತ ಬೆಳಗಿದರೆ ಅದು ಹೆಚ್ಚಾಗಿ ಸರ್ವಿಸ್‌ನ ನ್ಯೂಟ್ರಲ್ ಕಡಿದದ್ದು. 240 ವೋಲ್ಟ್ ಸಮನಾಗಿ ಎರಡು 120 ಆಗುವ ಬದಲು 90 ಮತ್ತು 150 ಎಂಬಂತೆ ಒಡೆಯುತ್ತದೆ, ಜಾಸ್ತಿ ಬಂದ ಕಡೆಯ ಸಾಮಾನು ಸುಡುತ್ತದೆ. ರಾಡ್ ಆಗ ಉಪಯೋಗಕ್ಕೆ ಬರುವುದಿಲ್ಲ, 25 ಓಮ್ ಮಣ್ಣು ನ್ಯೂಟ್ರಲ್‌ನ ಕೆಲಸ ಮಾಡಲಾರದು. ಲೋಹದ ನೀರಿನ ಪೈಪಿದ್ದರೆ ಕರೆಂಟ್ ಅದನ್ನು ಹಿಡಿದು, ಪಕ್ಕದ ಮನೆಯ ನ್ಯೂಟ್ರಲ್ ಮೂಲಕ ವಾಪಸ್ ಹೋಗುತ್ತಿರಬಹುದು. ಆ ಹೊತ್ತಿನಲ್ಲಿ ಪೈಪಿನ ಕ್ಲ್ಯಾಂಪ್ ಬಿಚ್ಚಿದವರ ಎರಡು ಕೈಗಳ ನಡುವೆಯೇ ವೋಲ್ಟೇಜ್ ನಿಲ್ಲುತ್ತದೆ. ಮೇನ್ ಬ್ರೇಕರ್ ಇಳಿಸಿ, ವಿದ್ಯುತ್ ಕಂಪನಿಯ ತುರ್ತು ನಂಬರಿಗೆ ಕರೆ ಮಾಡಿ ‘ನ್ಯೂಟ್ರಲ್ ಹೋಗಿದೆ’ ಎಂದೇ ಹೇಳಿ. ಅವರು ಬಂದು ನೋಡುವ ತನಕ ಪೈಪಿಗೂ ರಾಡ್‌ಗೂ ಕಟ್ಟಿದ ತಂತಿ ಮುಟ್ಟಬೇಡಿ, ಪ್ಲಂಬರ್‌ಗೂ ಮುಟ್ಟಲು ಬಿಡಬೇಡಿ.